ಲಾರಿಗಳ ಉಸಿರು ಹಿಡಿಯುವ ಗೇಟಕ್ಕ

ಪ್ರಪಂಚದಲ್ಲಿ ನಾನು ನೋಡದ ಬೆಳಗು ಉಳಿದಿಲ್ಲ ಎಂದು ಜಂಬ ಕೊಚ್ಚುತ್ತಿದ್ದವನು, ಇಂಧನ ಡಿಪೋದ ಈ ಗೇಟಿನ ಮುಂದೆ ಬಾಯಿ ಮುಚ್ಚಿ ನಿಂತಿದ್ದೇನೆ. ಮಂಜು ಎಷ್ಟು ದಟ್ಟವೆಂದರೆ ಹೋಳು ಮಾಡಿ ಚೀಲದಲ್ಲಿ ಮನೆಗೆ ಒಯ್ಯಬಹುದು. ಅದರೊಳಗಿಂದ ಟ್ಯಾಂಕರ್ ಲಾರಿಗಳು ನಿದ್ದೆಗಣ್ಣಿನ ಆನೆಗಳಂತೆ ಒಂದೊಂದಾಗಿ ತೇಲಿ ಬರುತ್ತವೆ. ಮಫ್ಲರ್ ಸುತ್ತಿಕೊಂಡ ಹೆಂಗಸೊಬ್ಬರು ಮೆಟ್ಟಿಲು ಹತ್ತಿ, ಡ್ರೈವರ್ ಸೀಟಿನ ಪಕ್ಕದ ಕೆಂಪು ಹಿಡಿಯನ್ನು ಎಳೆಯುತ್ತಾರೆ. ಆನೆ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಆಗ ಹುಟ್ಟುವ ನಿಶ್ಶಬ್ದದಲ್ಲಿ ಮಂಜು ನೆಲಕ್ಕಿಳಿಯುವುದು ಕೇಳಿಸುತ್ತದೆ. ನನಗಂತೂ ಕೇಳಿಸಿತು.

ಇವರೇ ಗೇಟಕ್ಕ. ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯೊಳಗೆ ಅಂಗೈಯಗಲದ ಮುಚ್ಚಳವೊಂದಿರುತ್ತದೆ. ಹಿಡಿ ಎಳೆದರೆ ಅದು ಅಡ್ಡ ಬಿದ್ದು ಗಾಳಿಯೂ ಎಂಜಿನ್ನೂ ನಿಲ್ಲಬೇಕು. ನಿಲ್ಲದ ಲಾರಿಗೆ ಒಳಗೆ ಪ್ರವೇಶವಿಲ್ಲ.

"ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ ಸಾರ್," ಎನ್ನುತ್ತಾರೆ. "ಇಲ್ಲೆಲ್ಲಾದ್ರೂ ಪೆಟ್ರೋಲ್ ಚೆಲ್ಲಿ, ಅದರ ಆವಿ ಗಾಳೀಲಿ ಸೇರಿದ್ರೆ ಅದನ್ನೇ ಎಳ್ಕೊಂಡು ಹುಚ್ಚು ಹಿಡಿದ ಹಾಗೆ ಓಡುತ್ತೆ. ಕೀ ತಿರುಗಿಸಿದ್ರೆ ಟ್ಯಾಂಕಿನ ಡೀಸೆಲ್ ಮಾತ್ರ ನಿಲ್ಲುತ್ತೆ. ಗಾಳೀಲಿ ಬರೋ ಊಟಕ್ಕೆ ಕೀ ಎಲ್ಲಿದೆ? ಮೂಗೇ ಮುಚ್ಬೇಕು."

ದಿನಕ್ಕೆ ಎಷ್ಟು ಲಾರಿ ಎಂದೆ. ನಲವತ್ತು ಎಂದರು. ನಾನು ನಾಲ್ಕು ಸಾವಿರ ಎಂದು ಬರೆದುಕೊಂಡೆ. ಇಣುಕಿ ನೋಡಿ, "ಎರಡು ಸೊನ್ನೆ ಹೊಡೀರಿ," ಎಂದರು.

ಮೆಕ್ಯಾನಿಕ್‌ನ ಮಗಳು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಬೆಳೆದವರು. ಪಕ್ಕದಲ್ಲೊಂದು ಎಂಜಿನ್ ಗುರುಗುಟ್ಟದಿದ್ದರೆ ತೊಟ್ಟಿಲಲ್ಲಿ ಕಣ್ಣೇ ಮುಚ್ಚುತ್ತಿರಲಿಲ್ಲವಂತೆ. ಈಗ ಬೆರಳ ಸಂದುಗಳು ಬಿರುಕು ಬಿಟ್ಟಿವೆ. ಬೈಗುಳವಂತೂ ಬೆಳಗಿನ ಕಾಫಿಗಿಂತ ಮೊದಲೇ ಬರುತ್ತದೆ.

"ದಿನದ ಮೊದಲ ಸ್ಟಾರ್ಟನ್ನೇ ಕೊಲ್ತೀಯಲ್ಲಕ್ಕ," ಎಂದು ಒಬ್ಬ ಡ್ರೈವರ್ ಗೊಣಗುತ್ತಾನೆ.

"ಎರಡನೇದು ನಿಂದೇ, ತಗೋ," ಎನ್ನುತ್ತಾರೆ.

ಎಲ್ಲರಿಗಿಂತ ಹೆಚ್ಚು ಗೊಣಗುವವರು ಅವರ ಗಂಡ. ಅವರದೂ ಟ್ಯಾಂಕರ್ ಲಾರಿಯೇ. ಹಿಂದೊಮ್ಮೆ ಏರುದಾರಿಯಲ್ಲಿ ಮುಚ್ಚಳ ತಾನಾಗಿ ಬಿದ್ದು ಲಾರಿ ನಿಂತು ಮಾನ ಹೋಯಿತೆಂದು, ಅದು ಅಲ್ಲಾಡದ ಹಾಗೆ ತಂತಿ ಬಿಗಿದಿದ್ದರು. ಕಳೆದ ಚಳಿಗಾಲದ ಒಂದು ಬೆಳಗ್ಗೆ ಗೇಟಕ್ಕ ಆ ತಂತಿ ಕತ್ತರಿಸಿ, ಸಡಿಲವಾಗಿದ್ದ ಸ್ಪ್ರಿಂಗ್ ಬದಲಿಸಿ ಒಳಗೆ ಬಿಟ್ಟರು. ಅದೇ ದಿನ ಮುಂದಿನ ಲಾರಿಯ ಪೈಪು ಕಳಚಿ ಪೆಟ್ರೋಲ್ ಚೆಲ್ಲಿತು. ಸಾಲಿನಲ್ಲಿ ಎಂಜಿನ್ ಆರಿಸದೆ ಕಾಯುತ್ತಿದ್ದ ಗಂಡನ ಲಾರಿ ಆ ಆವಿ ಕುಡಿದು ಅರಚತೊಡಗಿತು. ಆ ಅಬ್ಬರಕ್ಕೆ ಚಂದ್ರನ ಮೇಲಿನ ಧೂಳೂ ಎದ್ದಿರಬೇಕು. ನಾನು ಕಡಿಮೆಯೇ ಹೇಳುತ್ತಿದ್ದೇನೆ. ಗಂಡ ಕೀ ತಿರುಗಿಸಿ, ಕಿತ್ತುಕೊಂಡು, ಹಾರಿ ಓಡಿದರು. ಗೇಟಕ್ಕ ಇನ್ನೊಂದು ಬಾಗಿಲಿಂದ ಹತ್ತಿ ಹಿಡಿ ಎಳೆದರು. ಗಂಡ ತಿರುಗಿ ನೋಡುವಷ್ಟರಲ್ಲಿ ಲಾರಿ ನಿಂತಿತ್ತು, ಕೀ ಕೈಯಲ್ಲಿತ್ತು.

ಅಂದಿನಿಂದ ಆ ಕೀಯದೇ ಪುರಾಣ. ನೆಂಟರ ಮುಂದೆ, ಕ್ಷೌರದಂಗಡಿಯಲ್ಲಿ, ಎಲ್ಲೆಡೆ. "ಕೀ ಕಿತ್ತೆ, ನಿಂತ್ಹೋಯ್ತು."

ನೀವು ಹೇಳಲಿಲ್ಲವೇ ಎಂದೆ.

"ಬದುಕಿ ಬಂದಿದ್ರಲ್ಲ, ಜಂಬ ಪಡಲಿ ಬಿಡು ಅಂತ ಸುಮ್ನಿದ್ದೆ. ದಿನಾ ನಾನಿರ್ತಿದ್ದೆ ಗೇಟಲ್ಲಿ," ಎಂದು ಮಫ್ಲರ್ ಬಿಗಿದುಕೊಳ್ಳುತ್ತಾರೆ. "ನಾಳೆಯಿಂದ ಅವರಿಗೆ ಬೇರೆ ಡಿಪೋ. ಅಲ್ಲಿ ಗೇಟಲ್ಲಿ ನೋಡೋರಿಲ್ಲ. ಮತ್ತೆ ತಂತಿ ಬಿಗಿದು, ಕೀ ನಂಬ್ಕೊಂಡು ಹೊರಟ್ರೆ? ನಿನ್ನೆ ಊಟಕ್ಕೆ ಕೂತಾಗ ಎಲ್ಲ ಹೇಳ್ಬಿಟ್ಟೆ. ತಟ್ಟೆ ತೊಳೆದಿಟ್ಟು ಮಲಗಿದ್ರು."

ನಿಮ್ಮ ಆಸೆ ಏನೆಂದು ಕೇಳುತ್ತೇನೆ. ಬಿರುದು, ಸನ್ಮಾನ, ಒಂದು ಪ್ರತಿಮೆ. ಎಲ್ಲ ಕೊಡಿಸುವ ಶಕ್ತಿ ನನಗಿದೆ ಎಂಬ ಧಾಟಿಯಲ್ಲಿ.

"ಒಂದ್ಸಲ ಅವರಾಗೇ ಎಳೀಬೇಕು, ಸಾರ್. ಅಷ್ಟೇ."

ಮಂಜಿನಲ್ಲಿ ಎರಡು ಮಸುಕು ದೀಪಗಳು ಅರಳುತ್ತವೆ. ಗೇಟಕ್ಕನ ಕುತ್ತಿಗೆ ನೆಟ್ಟಗಾಗುತ್ತದೆ. ಆ ಎಂಜಿನ್ನಿನ ಸದ್ದು ಅವರಿಗೆ ಮನೆಯ ಕೆಮ್ಮಿನಷ್ಟೇ ಪರಿಚಿತ. ಲಾರಿ ಗೇಟಿನಲ್ಲಿ ನಿಲ್ಲುತ್ತದೆ. ಇವರು ಮೆಟ್ಟಿಲಿಗೆ ಕಾಲಿಡುವ ಮೊದಲೇ ಒಳಗೆ ಕೆಂಪು ಹಿಡಿ ಸರಕ್ಕನೆ ಹಿಂದೆ ಸರಿಯುತ್ತದೆ. ಎಂಜಿನ್ ನಡುಗುತ್ತದೆ, ನಿಲ್ಲುತ್ತದೆ. ಇಡೀ ಭೂಮಿಯೇ ತಿರುಗುವುದನ್ನು ಬಿಟ್ಟಂಥ ಮೌನ.

ಗಂಡ ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸುತ್ತಾರೆ, ಕದ್ದಿಲ್ಲವೆಂದು ತೋರಿಸುವ ಹುಡುಗನಂತೆ.

"ಕೀ ಮುಟ್ಟಿಲ್ಲ, ನೋಡ್ಕೊಳ್ಳೇ."

ಗೇಟಕ್ಕ ಇಣುಕುತ್ತಾರೆ. ಕೀ ಅಲ್ಲೇ ಇದೆ, ಆನ್ ಇದ್ದ ಹಾಗೆಯೇ. ಕಣ್ಣು ತುಂಬಿದೆಯೋ, ಮಂಜೋ, ಈ ಒಂದು ವಿಷಯದಲ್ಲಿ ನಾನು ಬಣ್ಣ ಕಟ್ಟುವುದಿಲ್ಲ.

"ಚೆನ್ನಾಗಿತ್ತು," ಎನ್ನುತ್ತಾರೆ. "ಇನ್ನೊಂದ್ಸಲ ಮಾಡಿ."