ಮೈಕ್ ರಿಪೇರಿಯವರಿಗೆ ಚಪ್ಪಾಳೆ

ಇವತ್ತು ತಿಪಟೂರಿನ ನಮ್ಮ ಚರ್ಚಲ್ಲಿ ಆಗಿದ್ದು ಕೇಳಿ ಸ್ನೇಹಿತರೇ. ಆರಾಧನೆಗೆ ಮುಂಚೆ ಮೈಕ್ ಕೆಟ್ಟಿತ್ತು. ನಮ್ಮ ಮಾಮೂಲಿ ರಿಪೇರಿಯವರು ನಜೀರ್ ಸಾಬ್ರು ಬಂದು ಸರಿ ಮಾಡಿದರು. ಮತ್ತೆ ಕೈಕೊಟ್ಟರೆ ಇರಲಿ ಅಂತ ಕೊನೇ ಬೆಂಚಲ್ಲೇ ಕೂತರು. ಊರಿಗೆ ಹೊಸದಾಗಿ ಬಂದಿರುವ ಪಾಸ್ಟರು ಅವರ ಕಡೆ ಕೈ ತೋರಿಸಿ, "ಹೊಸಬರು ಬಂದಿದ್ದೀರಿ, ಎದ್ದು ಹೆಸರು ಹೇಳಿ ಅಣ್ಣ" ಅಂದರು. ನಾವು ರೂಢಿಯಂತೆ ಚಪ್ಪಾಳೆ ತಟ್ಟಿಬಿಟ್ಟೆವು.

ಸಾಬ್ರು ಎದ್ದು, "ನಜೀರ್ ಅಂತ. ಮೈಕ್ ರಿಪೇರಿಗೆ ಬಂದಿದ್ದೆ ಸ್ವಾಮಿ" ಅಂದರು. ಎಲ್ಲರೂ ನಕ್ಕರು. ಸಾಬ್ರ ಮುಖ ಚಿಕ್ಕದಾಯ್ತು.

ಆರಾಧನೆ ಮುಗಿದ ಮೇಲೆ ಹೊಸಬರನ್ನು ಕೂರಿಸಿ ತಿಂಡಿ ಕೊಡುವುದು ನಮ್ಮಲ್ಲಿ ಪದ್ಧತಿ. ಸಾಬ್ರು ಸಾಮಾನಿನ ಚೀಲ ಎತ್ತಿಕೊಂಡು ಹೊರಟಿದ್ದರು. ತಿಂಡಿ ಬಡಿಸುವ ಮಾರ್ತಮ್ಮ ಬಾಗಿಲಿಗೆ ಅಡ್ಡ ನಿಂತು, "ಚಪ್ಪಾಳೆ ತಟ್ಟಿದ್ದಾಗೈತೆ ಕಣಪ್ಪ. ಇಡ್ಲಿ ತಿಂದೇ ಹೋಗ್ಬೇಕು" ಅಂದರು. ಪಾಸ್ಟರು ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದರು.

ಕೈ ತೊಳೆಯುವಾಗ ಸಾಬ್ರು ನನಗೆ ಮೆಲ್ಲಗೆ ಹೇಳಿದರು: "ಎಷ್ಟೋ ವರ್ಷದಿಂದ ಇಲ್ಲಿಗೆ ಬತ್ತಿದ್ದೀನಿ ಕಣ್ರೀ. ಕೂತು ತಿಂದಿದ್ದು ಇವತ್ತೇ."

ಪಾಸ್ಟರಿಗೆ ಊರು ಹೊಸದಾಗಿದ್ದೇ ಒಳ್ಳೇದಾಯ್ತು. ನಮ್ಮ ಹಾಗೆ ಅವರಿಗೂ ಸಾಬ್ರ ಗುರುತಿದ್ದಿದ್ದರೆ ರಿಪೇರಿ ದುಡ್ಡು ಕೊಟ್ಟು ಕಳಿಸಿಬಿಡುತ್ತಿದ್ದರು.