ಬ್ಯಾಕಪ್ ಮೌನಪ್ಪ

ಹೆಸರು ಮೌನಪ್ಪ ಎಂದಿದ್ದರೂ ನಮ್ಮ ಡೇಟಾಬೇಸ್ ಮಂದಿಯಲ್ಲಿ ಅವನಷ್ಟು ಮಾತಾಡುವವರಿಲ್ಲ, ಮತ್ತು ಎಲ್ಲ ಮಾತೂ "ಬ್ಯಾಕಪ್ ತಗೊಂಡೀರೇನ್ರಿ?" ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಯಾದಗಿರಿಯ ನಮ್ಮ ಕಚೇರಿಯಲ್ಲಿ ಕೂತು ಊರೂರ ದವಾಖಾನೆಗಳ ದಾಖಲೆ ಕಾಯುವ ಈತ ಬಸ್ಸು ಹತ್ತಿದರೆ ಚೀಲದಲ್ಲಿ ಇನ್ನೊಂದು ಜೊತೆ ಚಪ್ಪಲಿ ಇರಲೇಬೇಕು. ಶಹಾಪುರದ ಮದುವೆಯೊಂದರಲ್ಲಿ, ಅಕ್ಷತೆಗೆ ಮುಂಚೆ, "ಇನ್ನೊಂದು ತಾಳಿ ಇಟ್ಟೀರಿಲ್ರಿ?" ಎಂದು ಮದುವೆ ಮಾಡಿಸುವ ಅಯ್ಯನವರನ್ನೇ ಕೇಳಿದ್ದ. ಏನನ್ನೇ ಅಳಿಸುವುದೆಂದರೆ ಅವನಿಗೆ ಜೀವ ಹೋದಷ್ಟು ಸಂಕಟ. ಚಹಾದ ಚರಟ ಚೆಲ್ಲುವಾಗಲೂ ಒಂದು ಗಳಿಗೆ ಯೋಚಿಸುತ್ತಾನೆ. ಮೊನ್ನೆ, ಸುರಪುರದಿಂದ ಹೊಸದಾಗಿ ಕೆಲಸಕ್ಕೆ ಬಂದ ಕಸ್ತೂರಿ, ಕಲಿಯಲಿಕ್ಕೆ ಕೊಟ್ಟ ನಕಲೆಂದು ತಿಳಿದು ರೋಗಿಗಳ ಅಸಲಿ ದಾಖಲೆಯನ್ನೇ ಅಳಿಸಿಬಿಟ್ಟಳು. ಮೌನಪ್ಪ ಬೈಯಲಿಲ್ಲ, ಮಧ್ಯಾಹ್ನದೊಳಗೆ ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತಂದ. ಸಾಹೇಬರು ಬಂದು "ಯಾರು ಅಳಿಸ್ಯಾರ?" ಎಂದು ಗುಡುಗಿದಾಗ, ಕಸ್ತೂರಿ ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತ: "ನಾನೇ ರೀ. ಕೈ ತಪ್ತು." ಸಾಹೇಬರು ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡು ಹೋದರು. "ನಿಮ್ಮ ಹೆಸರು ಕೆಡ್ತಲ್ರೀ ಅಣ್ಣಾ," ಎಂದು ಕಸ್ತೂರಿ ಕಣ್ಣೀರಾದಳು. "ನಂದು ಹಳೇ ಹೆಸರವ್ವಾ, ಒಂದೆರಡು ಪೆಟ್ಟು ತಡಕೊಂತೈತಿ," ಎಂದ ಮೌನಪ್ಪ. "ನಿಂದು ಇನ್ನಾ ಹಸೀದು ಐತಿ."