ಮುಯ್ಯಿಗೆ ಬಂದ ಗಡಿಯಾರ

ನಮ್ಮ ತೆರಕಣಾಂಬಿ ಕಡೆ ಮುಯ್ಯಿ ಅಂದರೆ ಮೈಬಗ್ಗಿಸುವ ಕೆಲಸ. ಇವತ್ತು ನಿಮ್ಮ ಅರಿಶಿನ ಬೇಯಿಸಲು ನಾನು ಬಂದರೆ, ನಾಳೆ ನನ್ನ ಅರಿಶಿನಕ್ಕೆ ನಿಮ್ಮ ಮನೆಯಿಂದ ಆಳು ಬರಬೇಕು. ಕೂಲಿಯ ಮಾತೇ ಇಲ್ಲ. ಮದುವೆಗೆ ಅಕ್ಕಿ, ತೆಂಗಿನಕಾಯಿ ಕೊಡುವುದು ಮೊದಲೂ ಇತ್ತು. ಅದರಿಂದ ಹೊಲದ ಮುಯ್ಯಿ ತೀರುತ್ತಿರಲಿಲ್ಲ. ಈಗ ಮುಯ್ಯಿ ಚಾಮರಾಜನಗರದ ಛತ್ರದಲ್ಲಿ ಬಣ್ಣದ ಕಾಗದ ಸುತ್ತಿಕೊಂಡು ಕೂತಿದೆ. ಕೊಟ್ಟವರು ಫೋಟೋ ತೆಗೆಸಿಕೊಂಡು, ಪಾಯಸ ಉಂಡು, ಬೆನ್ನು ನೋಯಿಸಿಕೊಳ್ಳದೆ ಬಸ್ಸು ಹತ್ತುತ್ತಾರೆ.

ಹೋದ ವರ್ಷ ಪಕ್ಕದ ಹೊಲದವನ ಅರಿಶಿನಕ್ಕೆ ನಾನೂ ಸೊಸೆಯೂ ಹೋದೆವು. ಕೊಪ್ಪರಿಗೆಗೆ ನೀರು ಹೊತ್ತೆವು, ಹೊಗೆ ಕುಡಿದೆವು, ಬೆಂದ ಗೆಡ್ಡೆಯನ್ನು ಕಣದಲ್ಲಿ ಹರಡಿದೆವು. ಆಮೇಲೆ ನಮ್ಮದನ್ನು ಕಿತ್ತೆವು. ಕಿತ್ತ ಗೆಡ್ಡೆ ಬೇಯಿಸದೆ ರಾಶಿಯಲ್ಲೇ ಬಿದ್ದರೆ ಬಿಸಿಯೇರಿ ಕೊಳೆಯುತ್ತದೆ. ಕರೆಯಲು ಹೋದೆ. ಜಗಲಿಯ ಮೇಲೆ ಮೊಬೈಲು ತೀಡುತ್ತ ಕೂತಿದ್ದ.

"ನಾಳಿಕೆ ಮುಯ್ಯಾಳು ಬನ್ರಪ್ಪ," ಅಂದೆ.

"ಅದು ತೀರೋಯ್ತಲ್ಲ ದೊಡ್ಡವ್ವ. ನಿನ್ ಮೊಮ್ಮಗಳ ಮದುವೇಲಿ ಗಡಿಯಾರ ಕೊಟ್ಟಿವಿ. ಗೋಡೆಗೆ ಆಕೋದು, ದೊಡ್ದು."

"ಗಡಿಯಾರ ಬಂದು ನೀರ ಒರ್ತದೇನ್ಲಾ?"

"ಈಗೆಲ್ಲ ಇಂಗೇ ಕನವ್ವ. ನೀನಿನ್ನೂ ಅಳೇ ಕಾಲ್ದಲ್ಲೇ ಇದ್ದೀಯೆ," ಅಂತ ನಕ್ಕ.

ಇಬ್ಬರು ಹೆಂಗಸರ ಕೈಲಿ ಆದಷ್ಟು ಬೇಯಿಸಿದೆವು. ಮಿಕ್ಕಿದ್ದು ಮೆತ್ತಗಾಗಿ ನಾತ ಹೊಡೆಯಿತು. ಹೊತ್ತು ತಿಪ್ಪೆಗೆ ಸುರಿದೆವು. ಮನೆಯೊಳಗೆ, ಮೊಮ್ಮಗಳು ಬೇಡವೆಂದು ನಮ್ಮಲ್ಲೇ ಬಿಟ್ಟುಹೋದ ಅವನ ಗಡಿಯಾರ ಮಾತ್ರ ಟಕ್ ಟಕ್ ಅಂತ ದುಡಿಯುತ್ತಿತ್ತು.

ಈ ಸಲ ಅವನು ನಮಗಿಂತ ಮೊದಲೇ ಕಿತ್ತ. ಕೂಲಿಯವರೆಲ್ಲ ಗುಂಡ್ಲುಪೇಟೆ ದಾಟಿ ಕೇರಳದ ತೋಟಗಳಿಗೆ ಹೋಗಿದ್ದರು. ರಾಶಿಯೊಳಗೆ ಕೈಯಿಟ್ಟು ನೋಡಿದ್ದಾನೆ, ಬೆಚ್ಚಗಿದೆ. ಓಡಿ ಬಂದು ನಮ್ಮ ಬಾಗಿಲಲ್ಲಿ ನಿಂತ.

"ದೊಡ್ಡವ್ವ, ಸೊಸೆಯ ಕರ್ಕಂಡು ಮುಯ್ಯಾಳು ಬಾ. ನಿಂದ್ಕೆ ನಾವೆಲ್ಲ ಬತ್ತೀವಿ."

ವರ್ಷವಿಡೀ ಮರೆತಿದ್ದ ಮುಯ್ಯಿಯ ಅರ್ಥ ಒಂದು ರಾಶಿ ಬಿಸಿಯಾದೊಡನೆ ನೆನಪಾಗಿತ್ತು. ನಾನು ಒಳಗೆ ಹೋಗಿ ಗಡಿಯಾರ ಇಳಿಸಿ ತಂದು ಅವನ ಕೈಲಿಟ್ಟೆ.

"ಇದ್ನ ಕರ್ಕ ಓಗು. ಮದುವೆ ಮುಯ್ಯಿ ನಾನು ನಿನ್ ಮಗಳ ಮದುವೇಲಿ ತೀರುಸ್ತೀನಿ. ಇದು ನನ್ಗಿಂತ ಗಟ್ಟಿ ಆಳು, ನಿದ್ದೇನೂ ಮಾಡಕ್ಕಿಲ್ಲ."

ಮಗು ಎತ್ತಿಕೊಂಡವನ ಹಾಗೆ ಅದನ್ನು ಎದೆಗವಚಿಕೊಂಡು ಹೋದ.

"ಪಾಪ ಕನತ್ತೆ," ಅಂದಳು ಸೊಸೆ.

"ಪಾಪ ಅನ್ನೋಳು ನೀನೇ ಓಗಿ ಉರಿ ಆಕು," ಅಂದೆ. ಅವಳೂ ಹೋಗಲಿಲ್ಲ.

ಗೋಡೆಯಲ್ಲಿ ಮೊಳೆ ಸುಮ್ಮನೆ ಇತ್ತು. ಮೊರ ನೇತುಹಾಕಿದ್ದೇನೆ.